ನೆರಳು ಕಾಯೋಕೆ ಬಂದ ದಂಡು

ಒಂದಾನೊಂದು ಊರಿನಲ್ಲಿ, ಅಲ್ಲ ಅಲ್ಲ, ತಡೀರಿ, ಊರು ಒಂದೇ ಆದ್ರೆ ತುಂಡು ಎರಡು, ಅಂಥಾದ್ದೊಂದು ಊರಿನಲ್ಲಿ ಒಂದು ಕೆರೆ ಇತ್ತು. ಕೆರೆಗೊಂದು ಏರಿ. ಏರಿಯ ಈ ತುದೀಲಿ ಈಚೆಕೇರಿ, ಆ ತುದೀಲಿ ಆಚೆಕೇರಿ. ಆಚೆಕೇರಿಯೋರು ತಮ್ಮದನ್ನೇ ಈಚೆಕೇರಿ ಅಂತಿದ್ರು, ಇವರದ್ದನ್ನ ಆಚೆಕೇರಿ ಅಂತಿದ್ರು. ಅದಕ್ಕೇನೂ ಜಗಳ ಇರ್ಲಿಲ್ಲ. ಏರಿ ನಡುವೆ ನಿಂತೋರಿಗೆ ಮಾತ್ರ ತಾವೆಲ್ಲಿದ್ದೀವಿ ಅಂತ ತಿಳೀತಿರ್ಲಿಲ್ಲ. ಸುಮ್ನೆ ನಗ್ತಾ ನಿಂತ್ಕೊಳ್ಳೋರು.

ಈಚೆಕೇರೀಲಿ ಹೊನ್ನಾಜಮ್ಮ ಇದ್ಲು. ಆಚೆಕೇರೀಲಿ ಅವಳ ಅಕ್ಕ ದ್ಯಾವೀರಮ್ಮ ಇದ್ಲು. ಇಬ್ಬರ ನಡುವೆ ಒಂದು ಹಿತ್ತಾಳೆ ಬೋಗುಣಿ ಇತ್ತು.

ಆ ಬೋಗುಣಿ ಮಾತಾಡ್ತಿತ್ತು. ಅದೇನ್ ದೊಡ್ಡ ವಿಷಯ ಅಲ್ಲ, ಆಗಿನ ಪಾತ್ರೆಗಳೆಲ್ಲ ಮಾತಾಡ್ತಿದ್ವು. ಈಗಿನ ಸ್ಟೀಲಿನವು ಬರೀ ಸದ್ದು ಮಾಡ್ತವೆ. ಆದ್ರೆ ಈ ಬೋಗುಣೀದು ಒಂದೇ ಹಟ. ಪಕ್ಕದ ಮನೆಯಿಂದ ಬಂದ ಪಾತ್ರೇನ ಯಾರೂ ಖಾಲಿ ವಾಪಸ್ ಕೊಡಲ್ಲ, ಅಲ್ವಾ? ಏನೂ ಇಲ್ಲಾಂದ್ರೆ ಒಂದು ಅಚ್ಚು ಬೆಲ್ಲ, ಅದೂ ಇಲ್ಲಾಂದ್ರೆ ನಾಕು ಕರಿಬೇವಿನ ಎಲೆ. ಅದನ್ನ ಬೇರೆ ಪಾತ್ರೆಗಳು ಸುಮ್ನೆ ಒಪ್ಕೊಂಡಿದ್ವು. ಈ ಬೋಗುಣಿ ಮಾತ್ರ ಕೂಗಿ ಹೇಳ್ತಿತ್ತು: "ಖಾಲಿ ಹೊಟ್ಟೇಲಿ ನಾನು ಹೊಸ್ತಿಲು ದಾಟಲ್ಲ! ಬೇಕಾದ್ರೆ ಹೊಡೀರಿ!"

ಅದಕ್ಕೇ ಅದು ನಿಂತಿದ್ದೇ ಇಲ್ಲ. ಅಕ್ಕ ಸಾರು ಹಾಕಿ ಕಳಿಸೋಳು. ತಂಗಿ ಪಲ್ಯ ಹಾಕಿ ವಾಪಸ್ ಕಳಿಸೋಳು. ಪಲ್ಯ ಬಂತಲ್ಲ ಅಂತ ಅಕ್ಕ ಉಪ್ಪಿನಕಾಯಿ. ಉಪ್ಪಿನಕಾಯಿ ಬಂತಲ್ಲ ಅಂತ ತಂಗಿ ಹುರಿಗಾಳು. ಮೊದಲು ಕಳಿಸಿದ್ದು ಯಾರು ಅಂತ ಇಬ್ಬರಿಗೂ ಮರ್ತೇ ಹೋಗಿತ್ತು. ಬೋಗುಣಿ ಅಕ್ಕಂದೋ ತಂಗೀದೋ, ಅದೂ ಮರ್ತೋಗಿತ್ತು. ದಿನಾ ಸಂಜೆ ಅವಳು ಆ ಕಡೆಯಿಂದ ಅರ್ಧ ಏರಿ ನಡ್ಕೊಂಡು ಬರೋಳು, ಇವಳು ಈ ಕಡೆಯಿಂದ ಅರ್ಧ ಏರಿ.

"ನೆನ್ನೆ ಸಾರಿಗೆ ಹುಳಿ ಜಾಸ್ತಿ ಆಗಿತ್ತು ಕಣೇ."

"ತಿನ್ನೋವಾಗ ಗೊತ್ತಾಗ್ಲಿಲ್ವಾ? ಬೋಗುಣಿ ನೆಕ್ಕಿ ಕಳಿಸಿದ್ದೀಯ!"

ಇಷ್ಟೇ ಮಾತು. ಆಮೇಲೆ ಏರಿ ಕಲ್ಲಿನ ಮೇಲೆ ಕೂತು ಕೆರೇಗೆ ಕಾಲು ಇಳಿಬಿಟ್ಕೊಂಡು, ನೀರಲ್ಲಿ ಕೊಕ್ಕರೆ ನಿಂತಿರೋದನ್ನ ನೋಡೋರು. ಕೊಕ್ಕರೇನೂ ಇವರನ್ನ ನೋಡೋದು. ಆ ಸಂಜೆಗಳಿಗೆ ಒಂದು ವಾಸನೆ ಇತ್ತು ಅಂತಿದ್ಲು ಹೊನ್ನಾಜಮ್ಮ ಆಮೇಲಾಮೇಲೆ. ಒದ್ದೆ ಮಣ್ಣು, ಹಿತ್ತಾಳೆ, ಅಕ್ಕನ ತಲೆಗೆ ಹಾಕಿರೋ ಹರಳೆಣ್ಣೆ, ಮೂರೂ ಸೇರಿ ಆಗೋ ಒಂದು ವಾಸನೆ.

ಈಗ ಏನಾಯ್ತು ಕೇಳಿ!

ದೂರದಲ್ಲಿ ಏಣಿಪುರ ಅಂತ ಒಂದು ರಾಜ್ಯ. ಅಲ್ಲಿ ಎತ್ತರರಾಯ ಅಂತ ಒಬ್ಬ ರಾಜ. ಅವನಿಗೆ ಎತ್ತರ ಅಂದ್ರೆ ಹುಚ್ಚು. ಒಂದು ಬುರುಜು ಕಟ್ಟಿಸ್ದ. ಸಾಲ್ದು ಅಂತ ಅದರ ಮೇಲೆ ಇನ್ನೊಂದು. ಅದೂ ಸಾಲ್ದು ಅಂತ ಅದರ ಮೇಲೆ ಒಂದು ಏಣಿ, ಏಣಿ ಮೇಲೆ ಒಂದು ಮಣೆ, ಮಣೆ ಮೇಲೆ ತಾನು. ಒಂದಿನ ಸಂಜೆ ಮೇಲಿಂದ ನೋಡ್ತಾನೆ, ಬುರುಜಿನ ನೆರಳು ಉದ್ದಕ್ಕೆ ಹರ್ಕೊಂಡು ಹೋಗಿ, ಹೊಲ ದಾಟಿ, ಗುಡ್ಡ ದಾಟಿ, ಎಲ್ಲೋ ಒಂದು ಕೆರೆ ಏರಿ ಮೇಲೆ ತಲೆ ಇಟ್ಟು ಮಲಗಿದೆ!

"ದಳವಾಯೀ! ಅದು ಯಾರ ನೆರಳು?"

"ತಮ್ಮದೇ ಪ್ರಭೂ."

"ಪರ ಊರಲ್ಲಿ ಒಂಟಿಯಾಗಿ ಬಿದ್ದಿದೆಯಲ್ಲೋ! ಯಾರಾದ್ರೂ ತುಳಿದ್ರೆ?"

"ತುಳೀತಿದ್ದಾರೆ ಪ್ರಭೂ. ಇಬ್ಬರು ಹೆಂಗಸರು ಅದರ ಮೇಲೆ ಕೂತು ಸಾರಿನ ಮಾತಾಡ್ತಿದ್ದಾರೆ."

ಅಷ್ಟೇ. ಸಾವಿರ ಜನರ ದಂಡು ಹೊರಟು ಬಂತು. ಭರ್ಜಿ, ನಗಾರಿ, ಡೇರೆ, ಎಲ್ಲ ತಗೊಂಡು ಬಂತು. ಏರಿ ಉದ್ದಕ್ಕೂ ಭುಜಕ್ಕೆ ಭುಜ ತಾಗಿಸಿ ನಿಂತ್ಕೊಂಡ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಕಳ್ಳಿ ಮೆಳೆ. ಆಚೆಕೇರಿಯೋರು ಆಚೆ ಉಳಿದ್ರು, ಈಚೆಕೇರಿಯೋರು ಈಚೆ ಉಳಿದ್ರು.

ಹೊನ್ನಾಜಮ್ಮ ಸೊಂಟಕ್ಕೆ ಸೆರಗು ಸಿಗಿಸ್ಕೊಂಡು ಹೋದ್ಲು. "ಏನ್ರಪ್ಪಾ ಇದು?"

ದಳವಾಯಿ ಭರಮರಸ ಅಂತ, ಮೀಸೆ ಇಷ್ಟುದ್ದ, ಅವನು ಹೇಳ್ದ: "ಶಾಂತಿ ಕಾಪಾಡೋಕೆ ಬಂದಿದ್ದೀವಿ."

"ಶಾಂತಿ ಇತ್ತಲ್ಲ?"

"ಇತ್ತು. ಕಾಪಾಡ್ತಿರ್ಲಿಲ್ಲ."

"ಯಾವಾಗ ಹೋಗ್ತೀರಿ?"

"ನೆರಳು ಎದ್ದು ಹೋದ್ಮೇಲೆ."

"ನೆರಳು ಬೆಳಗ್ಗೆ ಇರೋದೇ ಇಲ್ವಲ್ಲಪ್ಪಾ!"

"ಅದಕ್ಕೇ ಬೆಳಗ್ಗೆ ಇನ್ನೂ ಜೋಪಾನವಾಗಿ ಕಾಯ್ಬೇಕು," ಅಂದ ದಳವಾಯಿ. "ಇರೋದನ್ನ ಯಾರ್ ಬೇಕಾದ್ರೂ ಕಾಯ್ತಾರೆ. ಇಲ್ದೇ ಇರೋದನ್ನ ಕಾಯೋದು ಕಷ್ಟ."

ಇದಕ್ಕೆ ಏನ್ ಹೇಳ್ತೀರಿ? ಹೊನ್ನಾಜಮ್ಮ "ನಿಮ್ಮ ನೆರಳಿಗಿಷ್ಟು ಬೆಂಕಿ ಹಾಕ," ಅಂತ ಬೈಕೊಂಡು ಮನೆಗೆ ಬಂದ್ಲು. ಬೋಗುಣಿ ಅವತ್ತು ಅವಳ ಹತ್ರಾನೇ ಇತ್ತು. ಅಕ್ಕ ಕಳಿಸಿದ್ದ ಹುರುಳಿ ಸಾರು ಇನ್ನೂ ಬೆಚ್ಚಗಿತ್ತು.

ಹಿಂಗೇ ಏಳು ವರ್ಷ ಆಯ್ತು.

ಏಳು ವರ್ಷಾನೂ ಬೋಗುಣಿ ಪಾತ್ರೆ ಜೋಡಿಸೋ ನಾಗಂದಿಗೆ ಮೇಲೆ ಕೂತು ಅತ್ತಿದ್ದೇ ಅತ್ತಿದ್ದು. "ಅಕ್ಕನ ಮನೆಗೆ ಕಳಿಸೇ. ತುಂಬಿಸಿ ಕಳಿಸೇ." "ಹೆಂಗೆ ಕಳಿಸ್ಲೇ, ಹಾರ್ಕೊಂಡು ಹೋಗ್ತೀಯಾ?" "ಹಾರೋಕೆ ನಾನೇನು ತಟ್ಟೇನಾ?" ಅನ್ನೋದು ಬೋಗುಣಿ.

ಆದ್ರೆ ಒಂದು ಸಮಾಧಾನ ಇತ್ತು. ಸಂಜೆ ಆದ್ರೆ ಅಕ್ಕ ಆಚೆಕೇರಿ ತುದೀಲಿ ನಿಂತು ಕೂಗೋಳು, "ಹೊನ್ನಾಜಮ್ಮಾ!" ಅಂತ. ಕೂಗು ಸಾವಿರ ಜನರ ತಲೆ ಮೇಲೆ ಹಾರಿ, ನೀರಿಗೆ ತಾಗಿ ಪುಟಿದು, ಇವಳ ಹಿತ್ಲಿಗೆ ಬರೋದು. ಇವಳು "ಓ!" ಅನ್ನೋಳು. ಅಷ್ಟಾದ್ರೆ ಅವತ್ತಿನ ದಿನ ಮುಗೀತು ಅಂತ ಲೆಕ್ಕ.

ಏಳನೇ ವರ್ಷ ಏನಾಯ್ತು, ಕೂಗು ಸವೆಯೋಕೆ ಶುರುವಾಯ್ತು. ಹೌದು ರೀ, ಸೋಪು ಸವೆದಂಗೆ! ಒಂದು ಸಂಜೆ "ಹೊನ್ನಾಜಾ" ಅಂತ ಮಾತ್ರ ಬಂತು. ಕೆಲವು ದಿನ ಆದ್ಮೇಲೆ "ಹೊನ್ನಾ" ಅಂತ ಬಂತು. ಆಮೇಲೆ ಒಂದಿನ ಬರೀ "ಹೊ" ಬಂತು.

ಹೊನ್ನಾಜಮ್ಮ "ಓ!" ಅನ್ನೋಕೂ ಮರ್ತು ನಿಂತ್ಕೊಂಡ್ಲು. ಇನ್ನು ಉಳಿದಿರೋದು ಒಂದೇ ಅಕ್ಷರ. ಅದೂ ಸವೆದೋದ್ರೆ ನಾಳೆ ಸಂಜೆ ಯಾರು ಕರೀತಾರೆ? ಕರೆಯೋರಿಲ್ದಿದ್ರೆ ಯಾರಿಗೆ "ಓ" ಅನ್ನೋದು?

"ಬಾರೇ," ಅಂದ್ಲು ಬೋಗುಣಿಗೆ. "ಹೋಗೋಣ."

ಅಕ್ಕಂಗೆ ಇಷ್ಟ ಅಂತ ಕಾಯಿಕಡುಬು ಮಾಡಿದ್ಲು. ಹೆಬ್ಬೆರಳಲ್ಲಿ ಅಂಚು ಒತ್ತಿ ಒತ್ತಿ, ಜಡೆ ಹೆಣೆದಂಗೆ ಮಾಡಿದ್ಲು. ಬೋಗುಣಿ ತುಂಬ ಹಾಕಿ, ಬಾಳೆಎಲೆ ಮುಚ್ಚಿ, ಏರಿ ಹತ್ರ ಹೋದ್ಲು.

ಮೊದಲ ಕಾವಲಿನೋನು ಗಿರಿಯಣ್ಣ ಅಂತ ಒಬ್ಬ ಸಿಪಾಯಿ. "ನಿಲ್ಲು! ನೆರಳಿನ ಮೇಲೆ ಯಾವ ವಸ್ತುವೂ ತಪಾಸಣೆ ಇಲ್ದೆ ಹೋಗಂಗಿಲ್ಲ!"

"ಮಾಡಪ್ಪ ತಪಾಸಣೆ."

ಕಡುಬನ್ನ ಹೆಂಗೆ ತಪಾಸಣೆ ಮಾಡ್ತಾರೆ? ತಿಂದೇ ಮಾಡ್ಬೇಕು. ಒಂದು ತಿಂದ. ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಲ್ಲೇ ಇನ್ನೊಂದು ತಿಂದ. "ನಮ್ಮವ್ವಾನೂ ಹಿಂಗೇ ಅಂಚು ಒತ್ತೋಳು," ಅಂದ. ಹಂಗಂತಾನೇ ಪೂರ್ತಿ ತಪಾಸಣೆ ಮಾಡ್ಬಿಟ್ಟ.

"ಈಗ ಹೋಗ್ಬೌದು," ಅಂದ.

ಹೊನ್ನಾಜಮ್ಮ ಬೋಗುಣಿ ನೋಡಿದ್ಲು. ತಳ ಫಳಫಳ ಅಂತಿತ್ತು. ಬೋಗುಣಿ ಕೂಗ್ಕೊಂಡ್ತು: "ಖಾಲಿ ಹೊಟ್ಟೇಲಿ ನಾನು ಹೋಗಲ್ಲ! ಬೇಕಾದ್ರೆ ಹೊಡೀರಿ!"

"ಕೇಳಿದ್ಯೇನೋ? ನಿಮ್ಮೂರಲ್ಲಿ ಪಾತ್ರೆ ಖಾಲಿ ಕೊಡ್ತಾರೇನೋ?"

ಗಿರಿಯಣ್ಣನ ಮುಖ ಕೆಂಪಾಯ್ತು. "ಛೆ ಛೆ, ಅವ್ವಂಗೆ ಗೊತ್ತಾದ್ರೆ ಸೌಟಲ್ಲಿ ಹೊಡೀತಾಳೆ." ಜೇಬು ತಡಕಿದ. ಏನೂ ಇಲ್ಲ. ಸೊಂಟದ ಪಟ್ಟಿ ಬಿಚ್ಚಿ ಬೋಗುಣಿಗೆ ಹಾಕ್ದ.

ಈಗ ಯೋಚ್ನೆ ಮಾಡಿ. ಬೋಗುಣಿ ಹೋಗ್ಬೇಕಾಗಿದ್ದು ಅಕ್ಕನ ಮನೆಗೆ. ಆದ್ರೆ ಅಕ್ಕನ ಮನೆಗೆ ಸಿಪಾಯಿ ಪಟ್ಟಿ ಕಳಿಸೋದಾ? ಮುಂದಿನ ಕಾವಲಿನೋನ ತಪಾಸಣೆಗೂ ಏನೂ ಉಳಿದಿಲ್ಲ. ಹೊನ್ನಾಜಮ್ಮ ವಾಪಸ್ ಬಂದು, ಪಟ್ಟಿ ಎತ್ತಿಟ್ಟು, ಮಾರನೇ ದಿನ ಮತ್ತೆ ಕಡುಬು ಮಾಡಿದ್ಲು. ಮಾರನೇ ದಿನ ತಪಾಸಣೆಗೆ ಹತ್ತು ಜನ ನಿಂತಿದ್ರು. ಹತ್ತು ಪಟ್ಟಿ ಬಂತು. ಅದರ ಮಾರನೇ ದಿನ ನೂರು ಜನ. ಪಟ್ಟಿ ಮುಗಿದ ಮೇಲೆ ಎಕ್ಕಡ ಬಂತು, ಕಬ್ಬಿಣದ ತಲೆಗಾಪು ಬಂತು, ಡೇರೆ ಗೂಟ ಬಂತು. ಪಟ್ಟಿ ಇಲ್ದೋನು ಒಂದು ಕೈಲಿ ಚಡ್ಡಿ ಹಿಡ್ಕೋಬೇಕು. ಇನ್ನೊಂದು ಕೈಲಿ ಕಡುಬು. ಭರ್ಜಿ ಹಿಡಿಯೋಕೆ ಕೈ ಎಲ್ಲಿದೆ? ಭರ್ಜೀನೂ ಬೋಗುಣಿಗೆ ಹೋಯ್ತು. ಭರ್ಜಿ ಬೋಗುಣೀಲಿ ಹೆಂಗೆ ಹಿಡಿಸ್ತು ಅಂತೀರಾ? ಮನಸ್ಸಿಟ್ಟು ಹಾಕಿದ್ರೆ ಹಿಡಿಸುತ್ತೆ.

ಹೊನ್ನಾಜಮ್ಮನ ಹಿತ್ಲಲ್ಲಿ ತಲೆಗಾಪಿನೊಳಗೆ ಕೋಳಿ ಮೊಟ್ಟೆ ಇಡ್ತಿದ್ವು. ಭರ್ಜಿಗೆ ಹೀರೆಬಳ್ಳಿ ಹಬ್ಬಿತ್ತು. ಏರಿ ಮೇಲೆ ದಂಡಿನೋರೆಲ್ಲ ಬರಿಗಾಲಲ್ಲಿ ಚಡ್ಡಿ ಹಿಡ್ಕೊಂಡು ಸಾಲಾಗಿ ಕೂತು, ಅವರವರ ಅವ್ವಂದಿರ ಕತೆ ಹೇಳ್ಕೊಳ್ತಿದ್ರು. ಒಬ್ಬ ಅನ್ನೋನು, "ನಮ್ಮನೇಲಿ ಕಾಯಿ ಜೊತೆ ಗಸಗಸೆ." ಇನ್ನೊಬ್ಬ, "ಗಸಗಸೆ ಯಾಕೋ, ಏಲಕ್ಕಿ ಸಾಕು." ಮೂರನೆಯೋನು ಬರೀ ಕೆರೆ ನೋಡ್ತಿದ್ದ. ಅವನ ಹೆಗಲಿಗೆ ಯಾರೋ ಕೈ ಹಾಕೋರು. ಹಾಕೋವಾಗ ಚಡ್ಡಿ ಜಾರೋದು.

ಇಷ್ಟಾದ್ರೂ ಹೊನ್ನಾಜಮ್ಮಂಗೆ ಸಮಾಧಾನ ಇಲ್ಲ. ಬೋಗುಣಿ ಒಂದು ಗೇಣೂ ಮುಂದೆ ಹೋಗಿಲ್ವಲ್ಲ! ಸಂಜೆ ಆಚೆಯಿಂದ "ಹೊ" ಕೂಡ ಬರ್ತಿಲ್ಲ ಈಗ. "ಹ್" ಅಂತ ಒಂದು ಉಸಿರು ಬರುತ್ತೆ, ದೀಪ ಊದಿದಂಗೆ.

ಒಂದಿನ ದಳವಾಯಿ ನಗಾರಿ ಬಾರಿಸೋಕೆ ಹೇಳ್ದ. ಯಾರೂ ಬಾರಿಸ್ಲಿಲ್ಲ.

"ನಗಾರಿ ಎಲ್ರೋ?"

"ಬೋಗುಣಿಗೆ ಹಾಕಿದ್ವಿ ದಳವಾಯಿಗಳೇ."

"ಯಾವ ಬೋಗುಣಿ? ಇವತ್ತಿಂದ ಬೋಗುಣಿ ಬಂದ್ರೆ ಖಾಲಿ ಕಳಿಸ್ಬೇಕು! ಇದು ಆಜ್ಞೆ!"

ದಂಡಿನೋರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಗಿರಿಯಣ್ಣ ಮುಂದೆ ಬಂದ. "ದಳವಾಯಿಗಳೇ, ಸಾಯೋಕೆ ಹೇಳಿ, ಸಾಯ್ತೀವಿ. ಇದೊಂದು ಆಗಲ್ಲ."

"ಯಾಕಾಗಲ್ಲ? ಏನಿದೆ ಅಂಥಾದ್ದು ಅದರಲ್ಲಿ?" ಅಂತ ದಳವಾಯಿ ಅವತ್ತಿನ ಬೋಗುಣಿಯಿಂದ ಒಂದು ಕಡುಬು ತೆಗ್ದು ಬಾಯಿಗೆ ಹಾಕ್ದ. ಅಗೀತಾ ಅಗೀತಾ ಮೀಸೆ ಕೆಳಗಿಳೀತು. ಆಮೇಲೆ ರಾಜನ ಆಜ್ಞೆ ಬರೆದಿದ್ದ ಓಲೆ ಬೋಗುಣಿಗೆ ಹಾಕ್ದ. ಬಾವುಟ ಮಡಿಸಿ ಹಾಕ್ದ. ಇನ್ನೇನೂ ಉಳೀಲಿಲ್ಲ ಅಂತ ರಾಜಂಗೆ ಹೇಳಿ ಕಳಿಸ್ದ: 'ಪ್ರಭೂ, ನಾವು ಸೋತಿಲ್ಲ. ಆದ್ರೆ ಚಡ್ಡಿ ಹಿಡ್ಕೊಂಡಿದ್ದೀವಿ. ತಾವೇ ಬರ್ಬೇಕು.'

ರಾಜ ಬಂದ. ಹೆಂಗೆ ಬಂದ? ಏಣಿ ಮೇಲೇ ಬಂದ! ಎಂಟು ಜನ ಏಣಿ ಎತ್ತಿ ಹಿಡ್ಕೊಂಡು ನಡೀತಿದ್ರು, ಅವನು ತುದೀಲಿ ಮಣೆ ಮೇಲೆ ಕೂತಿದ್ದ. ಗಾಳಿ ಬಂದ ಕಡೆಗೆ ಬಾಗ್ತಿದ್ದ.

"ಯಾರು ಆ ಬೋಗುಣಿ ಹೆಂಗಸು?"

"ನಾನೇ ಕಣಪ್ಪ. ಕೆಳಗಿಳಿ, ಕುತ್ತಿಗೆ ನೋಯ್ತದೆ."

"ರಾಜ ಇಳಿಯೋದಿಲ್ಲ!"

"ಹಂಗಾದ್ರೆ ಕಡುಬೂ ಹತ್ತೋದಿಲ್ಲ," ಅಂದ್ಲು ಹೊನ್ನಾಜಮ್ಮ.

ಆವಿ ಮೇಲಕ್ಕೆ ಹೋಯ್ತು. ಬೆಲ್ಲ, ಕಾಯಿ, ಬಾಳೆಎಲೆ ವಾಸನೆ. ರಾಜ ಒಂದು ಮೆಟ್ಟಿಲು ಇಳಿದ. ವಾಸನೆ ಜಾಸ್ತಿ ಆಯ್ತು. ಇನ್ನೊಂದು ಇಳಿದ. ಕೊನೆಗೆ ಏರಿ ಮಣ್ಣಿನ ಮೇಲೆ ನಿಂತ. ನಿಂತ್ಮೇಲೆ ನೋಡಿದ್ರೆ ಅವನು ಹೊನ್ನಾಜಮ್ಮನ ಭುಜಕ್ಕೂ ಬರ್ತಿರ್ಲಿಲ್ಲ.

ತಿಂದ. ತುಂಬ ಹೊತ್ತು ತಿಂದ. ಎಲ್ಲ ಮುಗಿದ ಮೇಲೆ ಬೆರಳು ನೋಡ್ಕೊಂಡು ಹೇಳ್ದ: "ಬುರುಜು ಕಟ್ಟೋಕೆ ಮುಂಚೆ ಪಕ್ಕದ ಮನೆಯಿಂದ ಹಿಂಗೇ ಬರ್ತಿತ್ತು. ಎಲೆ ಮುಚ್ಕೊಂಡು. ಅವರ ಮನೆ ಹುಡುಗಿ ಗೋಡೆ ಮೇಲಿಂದ ಚಾಚೋಳು. ಒಂದು ಅಂತಸ್ತು ಕಟ್ಸಿದೆ, ಅವಳು ಕಲ್ಲು ಹತ್ತಿ ಚಾಚಿದ್ಲು. ಇನ್ನೊಂದು ಕಟ್ಸಿದೆ, ಅವಳ ಕೈ ಎಟುಕ್ಲಿಲ್ಲ. ಎಷ್ಟು ಮೇಲೆ ಹೋದ್ರೂ ಅಲ್ಲಿಗೆ ಯಾರೂ ಏನೂ ತರ್ಲಿಲ್ಲ." ಆಮೇಲೆ ಗಂಟಲು ಸರಿ ಮಾಡ್ಕೊಂಡ, ರಾಜ ಅಲ್ವಾ. "ಸರಿ. ಬೋಗುಣಿಗೆ ಏನ್ ಹಾಕ್ಲಿ? ತಗೋ, ಕಿರೀಟ!"

"ಥೂ, ತಲೆಕೂದ್ಲಿದೆ ಅದ್ರಲ್ಲಿ!" ಅಂತು ಬೋಗುಣಿ.

"ಉಂಗುರ?"

"ಗಂಟಲಿಗೆ ಸಿಕ್ಕೊಳ್ತದೆ!"

ರಾಜಂಗೆ ಅಳು ಬರಂಗಾಯ್ತು. "ಮತ್ತೇನಮ್ಮ ಹಾಕ್ಲಿ? ನಾನೇ ಕೈಯಾರೆ ಮಾಡಿದ್ದು ಅಂತ ನನ್ನ ಹತ್ರ ಏನೂ ಇಲ್ವಲ್ಲ!"

"ನಂಗೇನೂ ಬೇಡಪ್ಪ," ಅಂದ್ಲು ಹೊನ್ನಾಜಮ್ಮ. "ನಂಗೆ ದಾರಿ ಬೇಕು. ಆ ಕಡೆ ನಮ್ಮಕ್ಕ ಇದ್ದಾಳೆ. ಅವಳ ಕೂಗು ಸವೆದು ಉಸಿರಾಗಿದೆ. ಇನ್ನೊಂದು ಸಂಜೆ ಇರುತ್ತೋ ಇಲ್ವೋ."

"ದಾರಿ ಬಿಡಬೌದಮ್ಮ. ನನ್ನ ನೆರಳು ಏನಾಗ್ಬೇಕು? ಕಾಯೋರಿಲ್ದೆ ಅದನ್ನ ಹೆಂಗೆ ಬಿಟ್ಟು ಹೋಗ್ಲಿ?"

ಇಷ್ಟೊತ್ತಿಗೆ ಹೊತ್ತು ಇಳೀತಿತ್ತು. ನೋಡ್ತಾ ನೋಡ್ತಾ ನೆರಳು ಹೊಲ ದಾಟಿ, ಗುಡ್ಡ ದಾಟಿ, ಏರಿ ಮೇಲೆ ಬಂದು ತಲೆ ಇಟ್ಟು ಮಲಗ್ತು.

"ಬಿಟ್ಟು ಯಾಕೆ ಹೋಗ್ತೀಯ?" ಅಂದ್ಲು ಹೊನ್ನಾಜಮ್ಮ. "ಬೋಗುಣಿಗೆ ಹಾಕು."

ಆಮೇಲೆ ಗಿರಿಯಣ್ಣ ಬಗ್ಗಿ ನೆರಳಿನ ಅಂಚು ಹಿಡ್ಕೊಂಡ. ದಳವಾಯಿ ಇನ್ನೊಂದು ಅಂಚು ಹಿಡ್ಕೊಂಡ. ಒಂದೊಂದೇ ಕೈ, ಇನ್ನೊಂದು ಚಡ್ಡಿಗೆ! ಸಾವಿರ ಜನ ಸೇರಿ ಚಾಪೆ ಸುತ್ತಿದಂಗೆ ಸುತ್ತಿದ್ರು. ಗುಡ್ಡದ ಆ ಕಡೆಯಿಂದೆಲ್ಲ ಎಳ್ದು ಎಳ್ದು ಸುತ್ತಿದ್ರು. ಕೊನೆಗೆ ಬುರುಜಿನ ಬುಡದಲ್ಲಿ ಅಂಟಿಕೊಂಡಿದ್ದು ಪಟ್ ಅಂತ ಕಿತ್ತು ಬಂತು. ರಾಜ ತನ್ನ ಕೈಯಾರೆ ಅದನ್ನ ಮಡಿಸಿ ಬೋಗುಣಿಗೆ ಹಾಕ್ದ.

"ಹ್ಞಾ," ಅಂತು ಬೋಗುಣಿ. "ತಣ್ಣಗಿದೆ."

ರಾಜನ ಹಳೇ ಬುದ್ಧಿ ಒಂದು ಸಲ ತಲೆ ಎತ್ತಿತು. "ದಂಡು ಇನ್ಮೇಲೆ ಬೋಗುಣಿ ಕಾಯ್ಲಿ! ಅದು ಎಲ್ಲಿ ಹೋದ್ರೆ ಅಲ್ಲಿಗೆ ಹೋಗ್ಲಿ!"

"ಹೋಗ್ಲಿ," ಅಂದ್ಲು ಹೊನ್ನಾಜಮ್ಮ. "ನಮ್ಮಕ್ಕ ಬಂದೋರನ್ನ ಉಣ್ಣಿಸ್ದೆ ಬಿಡೋಳಲ್ಲ. ಸಾವಿರ ಜನಕ್ಕೂ ಊರೋರ ಹತ್ರ ಸಾವಿರ ಬೋಗುಣಿ ತಂದು ಬಡಿಸ್ತಾಳೆ. ಸಾವಿರ ಬೋಗುಣೀನೂ ಖಾಲಿ ಕೊಡಂಗಿಲ್ಲ. ಏಣಿಪುರದಲ್ಲಿ ಇನ್ನೇನಿದೆ ಹಾಕೋಕೆ?"

ರಾಜನ ಮುಖ ಬಿಳಿಚ್ಕೊಂಡ್ತು. ಸಿಂಹಾಸನ ಹೋಯ್ತು, ಬುರುಜು ಹೋಯ್ತು, ಏಣಿ ಮೆಟ್ಟಿಲು ಒಂದೊಂದಾಗಿ ಹೋಯ್ತು ಅಂತ ಅವನ ಕಣ್ಮುಂದೆ ಬಂತು.

"ದಂಡೇ! ಮನೆಗೆ ನಡಿ!"

ಅಬ್ಬಬ್ಬಾ, ಅಂಥಾ ಖುಷಿಯಿಂದ ಯಾವ ದಂಡೂ ಯಾವ ಆಜ್ಞೇನೂ ಪಾಲಿಸಿಲ್ಲ! ಹೊನ್ನಾಜಮ್ಮ "ನಿಮ್ಮ ಪಟ್ಟಿ ತಗೊಂಡು ಹೋಗ್ರೋ" ಅಂತ ಕೂಗಿದ್ಲು. "ಪಾತ್ರೆಗೆ ಹಾಕಿದ್ದನ್ನ ವಾಪಸ್ ತಗೊಂಡ್ರೆ ಅವ್ವ ಒಳಗೆ ಬಿಟ್ಕೊಳಲ್ಲ" ಅಂತ ಗಿರಿಯಣ್ಣ ಓಡ್ತಾನೇ ಹೇಳ್ದ. ಸಾವಿರ ಜನ ಚಡ್ಡಿ ಹಿಡ್ಕೊಂಡು ಗುಡ್ಡ ಹತ್ತಿ ಮರೆಯಾದ್ರು. ರಾಜ ನಡ್ಕೊಂಡೇ ಹೋದ. ಎಂಟು ಜನ ಖಾಲಿ ಏಣಿ ಹೊತ್ಕೊಂಡು ಹಿಂದೆ ಹೋದ್ರು.

ಏರಿ ಖಾಲಿ. ಏಳು ವರ್ಷ ಆದ್ಮೇಲೆ ಖಾಲಿ. ಹೊನ್ನಾಜಮ್ಮ ಬೋಗುಣಿಗೆ ಎಲೆ ಮುಚ್ಕೊಂಡು ಒಂದು ಹೆಜ್ಜೆ ಇಟ್ಲು. ಆಮೇಲೆ ಓಡಿದ್ಲು. ಅರ್ಧ ಏರಿ ಬಂತು. ಅಲ್ಲಿ ಯಾರೂ ಎದುರಿಗೆ ಬರ್ಲಿಲ್ಲ. ಇಷ್ಟು ವರ್ಷದಲ್ಲಿ ಅರ್ಧ ಏರಿ ದಾಟಿ ಆಚೆ ನಡೆದೇ ಇರ್ಲಿಲ್ಲ ಅವಳು, ಆ ಅರ್ಧ ಅಕ್ಕಂದು. ಇವತ್ತು ದಾಟಿದ್ಲು.

ದ್ಯಾವೀರಮ್ಮ ಜಗಲಿ ಕಂಬಕ್ಕೆ ಒರಗಿ ಕೂತಿದ್ಲು. ಕೂದ್ಲೆಲ್ಲ ಬೆಳ್ಳಗಾಗಿತ್ತು. ಬಾಯಿ ತೆರೆದಿತ್ತು, ಕೂಗೋಕೆ ಅಂತ. ಏನೂ ಬರ್ತಿರ್ಲಿಲ್ಲ.

"ಅಕ್ಕಾ. ಬೋಗುಣಿ ತಂದೀನಿ."

ದ್ಯಾವೀರಮ್ಮ ಎಲೆ ಸರಿಸಿದ್ಲು. ಒಳಗೆ ಕೈ ಹಾಕಿದ್ಲು. ನೆರಳು ಅವಳ ಬೆರಳಿಗೆ ಅಂಟಿಕೊಂಡು, ಮಡಿಲಿಗೆ ಜಾರಿ, ಜಗಲಿ ಇಳಿದು, ಅಂಗಳದ ತುಂಬ ಹರಡ್ಕೊಂಡ್ತು. ಒಂದು ಚೂರು ತಗೊಂಡು ನಾಲಿಗೆ ಮೇಲೆ ಇಟ್ಕೊಂಡ್ಲು. ಮುಖ ಹುಳ್ಳಗೆ ಮಾಡಿದ್ಲು. ಎದ್ದು ನಿಂತ್ಲು. ಉಸಿರು ಎಳ್ಕೊಂಡ್ಲು.

"ಹೊನ್ನಾಜಮ್ಮಾ! ಏಳು ವರ್ಷ ಇಟ್ಕೊಂಡು ಇದಕ್ಕೆ ಒಂದು ಹರಳು ಉಪ್ಪು ಹಾಕೋಕೆ ಆಗ್ಲಿಲ್ವೇನೇ ನಿಂಗೆ?"

ಕೊಕ್ಕರೆಗಳು ಕೆರೆಯಿಂದ ಎದ್ದು ಹಾರಿದ್ವು, ಅಷ್ಟು ಜೋರು. ಹೊನ್ನಾಜಮ್ಮ ಅಲ್ಲೇ ನೆರಳಲ್ಲಿ ಕುಸಿದು ಕೂತು, ಅಳ್ತಾ, ನಗ್ತಾ, "ಓ" ಅಂದ್ಲು. "ಓ ಅಕ್ಕಾ. ಓ. ಓ." ಏಳು ವರ್ಷದ್ದು ಬಾಕಿ ಎಲ್ಲ ಅಂದು ಮುಗಿಸೋವರೆಗೂ ಅಂದ್ಲು. ಅಕ್ಕ ಬೈತಾನೇ ಇದ್ಲು, ತಲೆ ಸವರ್ತಾನೇ ಇದ್ಲು.

ಆದ್ದರಿಂದ ಈ ಕತೆಯ ನೀತಿ ಏನಪ್ಪಾ ಅಂದ್ರೆ, ಪರ ಊರಲ್ಲಿ ದಂಡು ಇಡೋರು ಸೊಂಟದ ಪಟ್ಟಿ ಎರಡೆರಡು ತಗೊಂಡು ಬರ್ಬೇಕು. ಇಲ್ಲಾಂದ್ರೆ ಬರಲೇಬಾರದು. ಅಲ್ಲಿ ಅಕ್ಕ ತಂಗಿ ಇನ್ನೂ ಬೈದಾಡ್ತಿದ್ದಾರೆ, ಇಲ್ಲಿ ನನ್ನ ಬಾಯಿ ಒಣಗಿದೆ. ಕತೆ ಅತ್ಲಾಗೆ ಹೋಯ್ತು, ಯಾರಾದ್ರೂ ಒಂದು ಲೋಟ ನೀರು ಇತ್ಲಾಗೆ ತನ್ರಪ್ಪಾ.